ಮಾದೇಶ ಮಾವನನ್ನು ಕೇಳುತ್ತಿದ್ದ ಕಂಪ್ಯೂಟರ್‌ಗಳು

ನನ್ನ ಕೈಬರಹಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಓದಿದ್ದು ತಮಿಳು ಶಾಲೆಯಲ್ಲಿ, ಅದೂ ಹನ್ನೊಂದನೇ ತರಗತಿಯ ಅರ್ಧದವರೆಗೆ. ಮನೆಮಾತು ಕನ್ನಡವಾದರೂ ಅದರ ಅಕ್ಷರ ಕಲಿತು ಎರಡು ವರ್ಷವಾಗಿದೆ, ಅಷ್ಟೇ. ದುಂಡಗೆ ಬರಬೇಕಾದ ಕಡೆ ನನ್ನ ಅಕ್ಷರಕ್ಕೆ ಮೂಲೆ ಬರುತ್ತದೆ. ಒತ್ತಕ್ಷರ ತಪ್ಪಿರುತ್ತದೆ. ಪದಗಳೂ ನನ್ನ ಹತ್ತಿರ ಕಡಿಮೆ. ನಮ್ಮ ಮೆಟ್ಟೂರಿನ ಭಾನುವಾರದ ಕನ್ನಡ ತರಗತಿಯ ಕೈಬರಹ ಪತ್ರಿಕೆಗೆ ಊರಿನ ಯಾರಾದರೂ ಒಬ್ಬರ ಬಗ್ಗೆ ಬರೆಯಿರಿ ಎಂದು ವಾಣಿ ಟೀಚರ್ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಎರಡು ಸಲ ಬರೆದು ಹರಿದು, ಇದು ಮೂರನೆಯದು.

ನಾನು ಬರೆಯುವುದು ಮಾದೇಶ ಮಾವನ ಬಗ್ಗೆ. ಅವರು ನನಗೆ ರಕ್ತಸಂಬಂಧವಲ್ಲ. ನಮ್ಮ ಹಟ್ಟಿಯಲ್ಲಿ ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಪೆನ್ನಾಗರಂನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಬಂದರೆ ನಮ್ಮ ಹಟ್ಟಿ. ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಅವರ ಬ್ರೌಸಿಂಗ್ ಸೆಂಟರ್ ಇದೆ. ಜಮೀನಿನ ಪಟ್ಟಾ ತೆಗೆಯುವುದು, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಪರೀಕ್ಷೆಯ ಫಲಿತಾಂಶ ನೋಡುವುದು, ಸುತ್ತಿನ ಏಳೆಂಟು ಹಟ್ಟಿಯವರಿಗೆ ಎಲ್ಲಕ್ಕೂ ಆ ಒಂದು ಕೋಣೆಯೇ.

ಮಾವನ ಅಪ್ಪನಿಗೆ ಕುರಿ ಇತ್ತು. ಮಾವ ಎಂಟನೇ ತರಗತಿ ಮುಗಿಸಿ ಹತ್ತು ವರ್ಷ ಕುರಿಯ ಹಿಂದೆ ನಡೆದರು. ಆಮೇಲೆ ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ಲೋಡ್ ಚೀಟಿ ಬರೆಯಲು ಸೇರಿದರು. ಆ ಆಫೀಸಿಗೆ ಕಂಪ್ಯೂಟರ್ ಬಂದಾಗ ಹಳಬರು ದೂರ ನಿಂತರಂತೆ. ಮಾವ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಅದರ ಮುಂದೆ ಕೂತು ಕಲಿತರು. ಹನ್ನೆರಡು ವರ್ಷದ ಹಿಂದೆ ಆಫೀಸಿನವರು ಹಳೆಯ ಕಂಪ್ಯೂಟರ್‌ಗಳನ್ನು ತೆಗೆದಾಗ ಐದನ್ನು ಕೇಳಿ ಪಡೆದು ಲಾರಿಯಲ್ಲೇ ಹಾಕಿಕೊಂಡು ಊರಿಗೆ ಬಂದರು. ಒಂದೊಂದು ಕೆಟ್ಟಾಗಲೂ ಬೇರೆ ತಂದರು, ಆದರೆ ಲೆಕ್ಕ ಯಾವಾಗಲೂ ಐದೇ. ಬಂದವರಿಗೆ ನಾಲ್ಕು, ಬಾಗಿಲ ಹತ್ತಿರ ಅವರದ್ದೊಂದು.

ಬಂದವರು ಕೂತ ಕಡೆಯಿಂದ ಏನು ತೆರೆದರೂ ಅವರಿಗೆ ಗೊತ್ತಾಗುತ್ತಿತ್ತು.

"ಏನ್ ಮಾವ, ಕುರಿ ಎಣಿಸೋದು ಬುಟ್ಟು ಬಂದು ಈಗ ನಮ್ಮನ್ನ ಎಣಿಸ್ತೀರಾ?" ಎಂದು ಒಬ್ಬ ರೇಗಿಸಿದ್ದ.

"ಊಂ ಲಾ. ಕುರಿಯಾದ್ರೂ ಪರವಾಯಿಲ್ಲ, ಕರುದ್ರೆ ಬತ್ತದೆ. ನೀನು ರಮ್ಮಿ ಆಟಕ್ಕೆ ನುಗ್ತೀಯ. ಅದನ್ನ ಮುಚ್ಚಿವ್ನಿ, ಓಗು."

ಪುಟ ಬರಲು ತಡವಾದರೆ ಅವರು ತಿರುಗಿ ನೋಡದೆಯೇ ಹೇಳುತ್ತಿದ್ದ ಮಾತು ಒಂದೇ: "ಒಂದ್ ನಿಮಿಷ ಇರಿ, ಬತ್ತಾ ಐತೆ."

ಶಾಲೆ ಬಿಟ್ಟ ಮೇಲೆ ನಾನು ಮಧ್ಯಾಹ್ನಗಳಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಯಾರೂ ಕೂರದ ನಾಲ್ಕನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಮಾವ ಬಿಡುತ್ತಿದ್ದರು. ಏನಾದರೂ ಕೇಳಬೇಕಾದರೆ ನನಗೆ ಬಾಯಿ ಬರುತ್ತಿರಲಿಲ್ಲ, ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಅವರೂ ನಗದೆ ಚೀಟಿಯಲ್ಲೇ ಉತ್ತರ ಬರೆಯುತ್ತಿದ್ದರು.

ಹೋದ ವರ್ಷ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಬೆಳಗ್ಗೆ ಹತ್ತೂವರೆಗೆ, ಅವರು ಆ ಕುರ್ಚಿಯಲ್ಲಿಯೇ ತೀರಿಕೊಂಡರು. ನಾನು ಅಲ್ಲೇ ಇದ್ದೆ. ಎರಡನೇ ಕಂಪ್ಯೂಟರಿನಲ್ಲಿ ಒಬ್ಬ ಅಜ್ಜ ಪಟ್ಟಾಕ್ಕಾಗಿ ಕಾಯುತ್ತಿದ್ದರು. ಮಾವ "ಒಂದ್ ನಿಮಿಷ ಇರಿ" ಎಂದರು. ಸ್ವಲ್ಪ ಹೊತ್ತಿಗೆ ಪುಟ ಬಂತು. "ಬಂತು ಕಣಪ್ಪಾ, ಪ್ರಿಂಟ್ ಕೊಡು" ಎಂದು ಅಜ್ಜ ಎರಡು ಸಲ ಕರೆದರು. ಮಾವನ ಕೈ ಮೌಸಿನ ಮೇಲೇ ಇತ್ತು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಕುರಿ ಕಾಯುವ ಮನೆಗಳಲ್ಲಿ ಗಂಡಸು ತೀರಿಕೊಂಡರೆ, ಅವನು ದಿನಾ ಕೂರುತ್ತಿದ್ದ ಜಾಗದಲ್ಲಿ ಅವನ ಕೋಲು ಇಟ್ಟು ಮೇಲೆ ಅವನ ಕಂಬಳಿ ಹೊದಿಸುತ್ತಾರೆ. ವರ್ಷದ ತಿಥಿಯ ದಿನ ಕಂಬಳಿಯನ್ನು ಹೊಳೆಗೆ ಒಯ್ಯುವವರೆಗೆ ಅದನ್ನು ಯಾರೂ ಎತ್ತುವಂತಿಲ್ಲ, ಅವನ ಕೈಯಾಡಿದ ವಸ್ತುವನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಮಾವನಿಗೆ ಕೋಲು ಎಲ್ಲಿತ್ತು? ಅವರ ಕೈ ಇದ್ದದ್ದು ಕಂಪ್ಯೂಟರಿನ ಮೇಲೆ. ಅವರ ಹೆಂಡತಿ ಮುನಿಲಕ್ಷ್ಮಮ್ಮ ಅತ್ತೆ ಅದರ ವೈರು ಕಿತ್ತು, ವಿಭೂತಿ ಹಚ್ಚಿ, ಮಾವನ ಕರಿ ಕಂಬಳಿಯನ್ನು ಅದರ ಮೇಲೆ ಹೊದಿಸಿದರು. ಅಂಗಡಿಗೆ ಬೀಗ ಬಿತ್ತು.

ಹೋದ ತಿಂಗಳು ಅತ್ತೆ ನನ್ನನ್ನು ಕರೆಸಿದರು.

"ಪುಷ್ಪಾ, ನೀನು ಅಲ್ಲೇ ಕೂತಿದ್ದೋಳು. ಅಂಗಡಿ ತೆಗಿಯನ ಬಾ. ನಂಗೆ ಮಕ್ಳಿಲ್ಲ, ಕುರಿ ಇಲ್ಲ. ಅಂಗ್ಡಿ ಓದ್ರೆ ನಾನು ತಿಮ್ಮರಾಜು ಮನೆ ಮೂಲೇಲಿ ಕೂತು ಉಣ್ಣೋಳಾಯ್ತೀನಿ."

ತಿಮ್ಮರಾಜು ಅಂದರೆ ಮಾವನ ತಮ್ಮ. ಅಂಗಡಿಯ ಕೋಣೆ ಅಣ್ಣತಮ್ಮ ಇಬ್ಬರಿಗೂ ಸೇರಿದ್ದು.

ನಾವು ನೆಟ್ಟಿನ ದುಡ್ಡು ಕಟ್ಟಿ, ಧೂಳು ಒರೆಸಿ ನಾಲ್ಕು ಕಂಪ್ಯೂಟರನ್ನೂ ಹಾಕಿದೆವು. ಎಲ್ಲವೂ ಹೊತ್ತಿಕೊಂಡವು. ನೆಟ್ಟಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಬಂತು. ಅತ್ತೆಯ ಫೋನಿಗೆ ಅದೇ ನೆಟ್ ಕೊಟ್ಟರೆ ವೀಡಿಯೋ ಓಡಿತು. ಆದರೆ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಚಕ್ರ ತಿರುಗಿ ತಿರುಗಿ, ಕೊನೆಗೆ ಬಿಳಿ ಹಾಳೆಯ ಮೇಲೆ ಇಂಗ್ಲಿಷಿನ ಎರಡು ಸಾಲು ಬರುತ್ತಿತ್ತು. ನಾಲ್ಕರಲ್ಲೂ ಅದೇ ಎರಡು ಸಾಲು.

ಚಕ್ರ ತಿರುಗುವಾಗ ಮಾವ ಹೇಳುತ್ತಿದ್ದ ಮಾತು ಒಂದು ಇತ್ತು. ಈಗ ಅದನ್ನು ಹೇಳುವವರು ಇರಲಿಲ್ಲ. ಆದರೂ ಅತ್ತೆ ಪ್ರತಿ ಸಲವೂ ಕಂಬಳಿಯ ಕಡೆ ತಿರುಗಿ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಫ್ಯಾನಿನ ಗಾಳಿಗೆ ಅದರ ಅಂಚು ಅಲುಗುತ್ತಿತ್ತು.

ಇನ್ನೊಂದು ಆಯಿತು. ಮೂರನೇ ದಿನ, ಮಧ್ಯಾಹ್ನ, ಅಂಗಡಿಯಲ್ಲಿ ನಾಲ್ಕು ಜನ ಇದ್ದಾಗ ಕರೆಂಟು ಹೋಯಿತು. ಕಂಬಳಿಯ ಒಳಗಿನಿಂದ ಕೀಂ, ಕೀಂ ಎಂದು ಸದ್ದು ಬಂತು. ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಅದು ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ. ಅತ್ತೆ ಕಂಪ್ಯೂಟರಿನ ವೈರನ್ನು ಮಾತ್ರ ಕಿತ್ತಿದ್ದರು, ಇದು ಇನ್ನೂ ಕರೆಂಟಿಗೆ ಅಂಟಿಕೊಂಡಿತ್ತು. ನನಗೆ ಅದು ಗೊತ್ತಿತ್ತು. ನಾನು ಹೊರಗೆ ಹೋಗಿ ಅವರಿಗೆ ಕೂಗಿ ಹೇಳಬೇಕಿತ್ತು, ಹೇಳಲಿಲ್ಲ. ಸಾಯಂಕಾಲದ ಹೊತ್ತಿಗೆ ಹಟ್ಟಿಯಲ್ಲೆಲ್ಲ ಮಾತು: "ಮಾದೇಶ ಬುಡ್ತಾ ಇಲ್ಲ. ನೆಟ್ ಐತೆ, ಅವ್ನು ಒಳಕ್ಕೆ ಬುಡ್ತಾ ಇಲ್ಲ."

ಕಳೆದ ಸೋಮವಾರ ತಿಮ್ಮರಾಜು ಬಂದರು. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತರು.

"ಅತ್ತಿಗೆ, ನೆಟ್ ಐತೆ ಅಂತೀರ, ಪುಟ ಬರಲ್ಲ ಅಂತೀರ. ಬಾವೀಲಿ ನೀರೈತೆ, ಕೊಡ ಮಾತ್ರ ತುಂಬಲ್ಲ ಅಂದಂಗಾತು. ಶುಕ್ರವಾರ ಬೆಳಿಗ್ಗೆ ಶಂಕಗಿರಿ ಲಾರಿ ಬತ್ತದೆ. ಅಣ್ಣ ಎಲ್ಲಿಂದ ತಂದ್ನೋ ಅಲ್ಲಿಗೇ ಓಗ್ಲಿ ಇವು. ನಾನಿಲ್ಲಿ ದನದ ಬೂಸಾ ಮೂಟೆ ಆಕ್ಕಂತೀನಿ."

"ತಿಥಿ ಆಗ್ಲಿ ಕಣಪ್ಪಾ. ಮುಂದಿನ ಸೋಮವಾರ ಅಲ್ವಾ?"

"ಕಂಬ್ಳಿ ಐತಲ್ಲ, ಅದೊಂದನ್ನ ಬುಡ್ತೀನಿ. ಮಿಕ್ಕ ನಾಕು ಓಗ್ಲಿ. ಶುಕ್ರವಾರದೊಳ್ಗೆ ಒಂದ್ ಪುಟ ತೆಗುದು ತೋರ್ಸಿ, ಲಾರಿನ ವಾಪಸ್ ಕಳಿಸ್ತೀನಿ. ಇದೇನು ಈ ಪಾಪನ ಕೈಲಾಯ್ತದಾ? ಇದಕ್ಕೆ ಬಾಯೇ ಇಲ್ಲ."

ಪಾಪ ಎಂದು ಅವರು ಹೇಳಿದ್ದು ನನ್ನನ್ನು. ನಾನು ನೆಲ ನೋಡುತ್ತಿದ್ದೆ.

ಮಂಗಳವಾರ ಧರ್ಮಪುರಿಯ ಸರವಣನ್ ಎಂಬ ರಿಪೇರಿಯವರಿಗೆ ಫೋನ್ ಮಾಡಿದೆವು. ಅವರು ಮಾತಾಡುವುದು ತಮಿಳು. ಅತ್ತೆ ಫೋನ್ ಹಿಡಿದು, ಅವರು ಹೇಳಿದಂತೆ ನಾನು ಮಾಡುತ್ತಾ ಹೋದೆ. ನೆಟ್ಟಿನ ಪೆಟ್ಟಿಗೆಯನ್ನು ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿದೆ. ತಾರೀಖು, ಗಂಟೆ ಸರಿ ಇದೆಯೇ ನೋಡಿದೆ, ಸರಿ ಇತ್ತು. ಬ್ರೌಸರಿನೊಳಗೆ ಹಳೆಯದಾಗಿ ಉಳಿದಿದ್ದನ್ನೆಲ್ಲ ಅಳಿಸಿದೆ. ಇನ್ನೊಂದು ಬ್ರೌಸರ್ ತೆರೆದೆ, ಅದರಲ್ಲೂ ಅದೇ. ವೈರಸ್ ತಡೆಯುವುದನ್ನು ನಿಲ್ಲಿಸಿ ನೋಡಿದೆ. ಕೊನೆಗೆ ಅವರು ಕಪ್ಪು ಕಿಟಕಿ ತೆರೆಯಲು ಹೇಳಿದರು. ಅದರಲ್ಲಿ ಒಂದು ದೂರದ ಹೆಸರು ಬರೆದು ಒತ್ತಿದರೆ ಉತ್ತರ ಬರುತ್ತದೋ ಇಲ್ಲವೋ ಕಾಣುತ್ತದೆ. ನಾಲ್ಕು ಸಲ ಕೇಳಿತು, ನಾಲ್ಕು ಸಲವೂ ಉತ್ತರ ಬಂತು.

"ಅಪ್ಪೊ ನೆಟ್ ಓಕೆ. ಬ್ರೌಸರ್ ತಾನ್ ಪ್ರಾಬ್ಲಮ್. ಎಲ್ಲಾಂ ಅಳಿಚ್ಚಿಟ್ಟು ಪುದುಸಾ ಪೋಡಣುಂ," ಎಂದರು ಸರವಣನ್. ನೆಟ್ ಸರಿ ಇದೆ, ತೊಂದರೆ ಬ್ರೌಸರಿನದ್ದೇ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು ಎಂದು.

"ಎಲ್ಲಾ ಅಂದ್ರೆ? ಅವ್ರು ಮಾಡಿಟ್ಟಿರೋದೆಲ್ಲಾನಾ?" ಎಂದು ಅತ್ತೆ ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟರು.

ನನ್ನ ತಪ್ಪೊಂದನ್ನು ಇಲ್ಲಿ ಬರೆಯಬೇಕು. ಬಿಳಿ ಹಾಳೆಯ ಆ ಇಂಗ್ಲಿಷ್ ಸಾಲುಗಳನ್ನು ನಾನು ಅವರಿಗೆ ಓದಿ ಹೇಳಬೇಕಿತ್ತು. ನನ್ನ ಉಚ್ಚಾರಣೆಗೆ ಅವರು ನಗುತ್ತಾರೆಂದು ಓದಲಿಲ್ಲ. ಅದರಲ್ಲಿ ಪ್ರಾಕ್ಸಿ ಎಂಬ ಪದ ಇತ್ತು. ಓದಿದ್ದರೆ ಮಂಗಳವಾರವೇ ಗೊತ್ತಾಗುತ್ತಿತ್ತು.

ಬುಧವಾರ ನಾನು ಬೇರೆ ದಾರಿ ಕಾಣದೆ ಒಂದು ಕೆಲಸ ಮಾಡಿದೆ. ಮೊದಲನೇ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆರೆದು, ಅದರಲ್ಲಿ ಏನಿದೆಯೋ ಹಾಗೇ ನೋಟ್‌ಬುಕ್ಕಿಗೆ ಇಳಿಸುತ್ತಾ ಹೋದೆ. ಯಾವುದನ್ನೂ ಮುಟ್ಟಲಿಲ್ಲ. ಹದಿನೆಂಟು ಪುಟ ತುಂಬಿತು. ಗುರುವಾರ ಮಧ್ಯಾಹ್ನ ನೆಟ್ಟಿಗೆ ಸೇರಿದ ಸೆಟ್ಟಿಂಗ್‌ಗಳಿಗೆ ಬಂದೆ. ಕೊನೆಯ ಪುಟದ ತಲೆಯಲ್ಲಿ ಅದೇ ಪದ, ಪ್ರಾಕ್ಸಿ. ಕೆಳಗೆ ಒಂದು ಸ್ವಿಚ್ಚು, ಅದು ಆನ್ ಆಗಿತ್ತು. ಅದರ ಕೆಳಗೆ ಒಂದು ಉದ್ದ ಚೌಕ. ಚೌಕದಲ್ಲಿ, ಇಂಗ್ಲಿಷಿನಲ್ಲಿ, ಮಾದೇಶ ಎಂದು ಬರೆದಿತ್ತು. ಪಕ್ಕದಲ್ಲಿ 8080 ಎಂಬ ಸಂಖ್ಯೆ.

ಎಷ್ಟೋ ಹೊತ್ತು ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸಲಿಲ್ಲ.

ಎರಡನೆಯದನ್ನು ತೆರೆದೆ, ಮಾದೇಶ. ಮೂರನೆಯದು, ಮಾದೇಶ. ನಾನು ದಿನಾ ಕೂರುತ್ತಿದ್ದ ನಾಲ್ಕನೆಯದರಲ್ಲೂ ಮಾದೇಶ. ಪ್ರಾಕ್ಸಿ ಅಂದರೆ ಏನು ಎಂದು ಅತ್ತೆಯ ಫೋನಿನಲ್ಲಿ ಹುಡುಕಿ ಓದಿ, ಅರ್ಥ ಮಾಡಿಕೊಂಡೆ. ಮಾದೇಶ ಎಂಬುದು ಮಾವ ತಮ್ಮ ಕಂಪ್ಯೂಟರಿಗೆ ಇಟ್ಟಿದ್ದ ಹೆಸರು. ಕುರಿ ಕೂಡುವ ರೊಪ್ಪಕ್ಕೆ ಒಂದೇ ಬಾಗಿಲು ಬಿಟ್ಟು ಅಲ್ಲಿ ಒಬ್ಬರು ನಿಂತಿರುತ್ತಾರಲ್ಲ, ಮಾವ ಅಂಗಡಿಯನ್ನು ಹಾಗೆ ಕಟ್ಟಿದ್ದರು. ಯಾವ ಕಂಪ್ಯೂಟರಿನ ಬ್ರೌಸರ್ ಏನು ಕೇಳಿದರೂ, ಅದು ಮೊದಲು ಮಾವನ ಕಂಪ್ಯೂಟರನ್ನು ಕೇಳಬೇಕು. ಅದು ಆಚೆಗೆ ಹೋಗಿ ತಂದು ಕೊಡುತ್ತದೆ. ಮುಚ್ಚಿದ್ದನ್ನು ಕೇಳಿದರೆ ಕೊಡುವುದಿಲ್ಲ. ಕಪ್ಪು ಕಿಟಕಿಗೆ, ಅತ್ತೆಯ ಫೋನಿಗೆ ಈ ಕಟ್ಟು ಇಲ್ಲ, ಅವು ನೇರ ಹೋಗುತ್ತವೆ. ಅದಕ್ಕೇ ನೆಟ್ ಇತ್ತು, ಪುಟ ಇರಲಿಲ್ಲ.

ಈ ಒಂದು ತಿಂಗಳಲ್ಲಿ ನಾವು ನೂರಾರು ಸಲ ಒತ್ತಿದ್ದೆವು. ಒಂದೊಂದು ಸಲವೂ ಅವು ಕಂಬಳಿಯ ಕಡೆ ಹೋಗಿ ಮಾವನನ್ನು ಕೇಳಿ, ಕಾದು, ವಾಪಸ್ ಬಂದಿದ್ದವು. ಹಟ್ಟಿಯವರು ಆಡಿಕೊಂಡದ್ದು ಸುಳ್ಳಲ್ಲ ಎಂದು ಗೊತ್ತಾದಾಗ ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಎದ್ದು ಬಸ್ಸು ನಿಲ್ಲುವ ಜಾಗದಲ್ಲಿ ಬಿಸಿಲಿಗೆ ನಿಂತೆ.

ಅತ್ತೆಗೆ ಹೇಳಲು ಸಾಯಂಕಾಲದವರೆಗೆ ಬಾಯಿ ಬರಲಿಲ್ಲ. ಅವರು ಬೀಗ ತೆಗೆದುಕೊಂಡು ಎದ್ದಾಗ ಅವರ ಸೆರಗು ಹಿಡಿದು ಒಂದನೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಅಂಗಡಿಯ ಬೋರ್ಡಿನಲ್ಲಿ ಆ ಹೆಸರನ್ನು ಹನ್ನೆರಡು ವರ್ಷ ನೋಡಿದ್ದಾರೆ. ಗಾಜಿನ ಮೇಲೆ ಬೆರಳಿಟ್ಟು ನಿಧಾನ ಎಳೆದರು.

"ಇದು ಅವ್ರ ಹೆಸ್ರಲ್ವಾ?"

"ಊಂ ಅತ್ತೆ."

"ಇಲ್ಲ್ಯಾಕೆ ಐತೆ?"

ನನಗೆ ತಿಳಿದ ಹಾಗೆ ಹೇಳಿದೆ. ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಎರಡು ದಾರಿ ಇದೆ ಎಂದೆ. ಕಂಬಳಿ ಎತ್ತಿ ಮಾವನ ಕಂಪ್ಯೂಟರನ್ನು ಹಾಕಿದರೆ ಎಲ್ಲ ಮೊದಲಿನಂತೆಯೇ ಓಡುತ್ತದೆ. ಅದು ಬೇಡವಾದರೆ ಈ ಸ್ವಿಚ್ಚನ್ನು ಆರಿಸಬೇಕು, ಆಗ ನಾಲ್ಕೂ ನೇರ ಹೋಗುತ್ತವೆ.

"ತಿಥಿ ಮುಂಚೆ ಕಂಬ್ಳಿ ಎತ್ತಾಂಗಿಲ್ಲ."

"ಅದಕ್ಕೇ ಸ್ವಿಚ್ಚು ಅತ್ತೆ."

"ಅಂದ್ರೆ ಇವು ಇನ್ಮೇಲೆ ಅವ್ರುನ್ನ ಕೇಳಲ್ಲ."

ನಾನು ತಲೆಯಾಡಿಸಿದೆ.

ಅತ್ತೆ ಆ ಹೆಸರಿನ ಮೇಲೆ ಇನ್ನೊಂದು ಸಲ ಬೆರಳಾಡಿಸಿದರು. "ಒಂದೊರ್ಸದಿಂದ ಅವ್ರುನ್ನ ಯಾರೂ ಏನೂ ಕೇಳ್ತಿಲ್ಲ ಅಂತ ಅಳ್ತಿದ್ದೆ ಕಣೆ. ಈ ನಾಕು ಕೇಳ್ತಾನೇ ಇದ್ವಾ?" ಎಂದು ಬೀಗ ನನ್ನ ಕೈಗೆ ಕೊಟ್ಟು ಮನೆಗೆ ಹೋದರು. ಸ್ವಿಚ್ಚು ಆರಿಸುವುದೋ ಬೇಡವೋ ಎಂಬುದು ಹಾಗೇ ಉಳಿಯಿತು.

ಶುಕ್ರವಾರ ಬೆಳಗ್ಗೆ ನಾನು ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ತಲೆಗೆ ಸ್ನಾನ ಮಾಡಿದ್ದರು. ಬೀಗ ತೆಗೆದ ಕೂಡಲೇ ಕಂಬಳಿಯ ಪಕ್ಕ ನೆಲದ ಮೇಲೆ ಕೂತು, ಬದುಕಿದ್ದವರೊಡನೆ ಮಾತಾಡುವ ಹಾಗೇ ಮಾತಾಡಿದರು. ನಮ್ಮಲ್ಲಿ ಅಣ್ಣತಮ್ಮಂದಿರು ಕುರಿಮಂದೆ ಪಾಲು ಮಾಡಿಕೊಳ್ಳುವ ಮುಂಚೆ ತೀರಿಹೋದ ಅಪ್ಪನನ್ನು ಹೀಗೆ ಕೇಳುತ್ತಾರೆ.

"ಇವತ್ತು ನಿಮ್ ತಮ್ಮ ಲಾರಿ ತತ್ತಾನೆ. ನಿಮ್ ಕಂಬ್ಳಿ ನಾನು ಎತ್ತಲ್ಲ. ಇವನ್ನ ನೇರ ಬುಡ್ತಾ ಇವ್ನಿ. ಕೋಪ ಮಾಡ್ಕಬ್ಯಾಡಿ. ಬ್ಯಾಡ ಅಂದ್ರೆ ಹೇಳಿ."

ಕರೆಂಟು ಹೋಗಲಿಲ್ಲ. ಕಂಬಳಿ ಅಲುಗಲಿಲ್ಲ, ಫ್ಯಾನ್ ಹಾಕಿರಲಿಲ್ಲ. ಅತ್ತೆ ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದರು. ನನಗೂ ಬರುತ್ತದೇನೋ ಅನ್ನಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ.

"ಅವ್ರು ಮುಚ್ಚಿದ್ರಲ್ಲ, ಆ ರಮ್ಮಿ ಗಿಮ್ಮಿ, ಅದೆಲ್ಲಾ ತೆರ್ಕಂಬುಡ್ತದಾ?" ಎಂದು ಕೊನೆಗೆ ನನ್ನನ್ನು ಕೇಳಿದರು.

"ಊಂ. ಎಲ್ಲಾ ತೆರ್ಕೊಳ್ತದೆ."

"ಅಂಗಾದ್ರೆ ಬಾಗ್ಲಲ್ಲಿ ನಾವೇ ನಿಂತ್ಕಬೇಕು. ತೆಗಿ."

ಒಂದನೆಯದರ ಸ್ವಿಚ್ಚನ್ನು ಆರಿಸಿದೆ. ಬ್ರೌಸರ್ ತೆರೆದು ಪಟ್ಟಾದ ಪುಟ ಕೇಳಿದೆ. ಚಕ್ರ ಒಂದು ಸುತ್ತು ಕೂಡ ಪೂರ್ತಿ ತಿರುಗಲಿಲ್ಲ, ಪುಟ ಬಂದುಬಿಟ್ಟಿತು. ಇಷ್ಟು ಬೇಗ ಅಲ್ಲಿ ಯಾವತ್ತೂ ಬಂದಿರಲಿಲ್ಲ. ಕಾಯಿರಿ ಎಂದು ಹೇಳಲು ಯಾರಿಗೂ ಸಮಯವೇ ಇರಲಿಲ್ಲ. ಅತ್ತೆ ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಎರಡನೆಯದು, ಮೂರನೆಯದು ಆಯಿತು. ನಾಲ್ಕನೆಯದರ ಮುಂದೆ ನಾನು ಕೂತಾಗ ಅತ್ತೆ ನನ್ನ ಭುಜ ಹಿಡಿದರು.

"ಇದೊಂದಿರ್ಲಿ. ತಿಥಿವರ್ಗೂ ಕೇಳ್ತಾ ಇರ್ಲಿ."

ಒಂಬತ್ತೂವರೆಗೆ ತಿಮ್ಮರಾಜು ಬಂದರು. ಹಿಂದೆ ಲಾರಿ ನಿಂತಿತ್ತು, ಅದರ ಡ್ರೈವರ್ ಇಳಿದು ಟೀ ಕುಡಿಯಲು ಹೋದ. ತಿಮ್ಮರಾಜು ಈ ಸಲವೂ ಹೊಸ್ತಿಲಲ್ಲೇ ನಿಂತರು.

"ಏನತ್ತಿಗೆ, ಮೂಟೆ ಕಟ್ಟಿದ್ದಾಯ್ತಾ?"

"ನಿನ್ ಪಟ್ಟಾ ನಂಬರ್ ಹೇಳು."

ಅವರು ನಗುತ್ತಲೇ ಹೇಳಿದರು. ನಾನು ಬರೆದು ಒತ್ತಿದೆ. ಪುಟ ಬಂತು. ಹೊಲದ ಹೆಸರು, ಅವರ ಹೆಸರು, ಅದರ ಪಕ್ಕದಲ್ಲಿ ಅಣ್ಣನ ಹೆಸರು. ತಿಮ್ಮರಾಜು ಚಪ್ಪಲಿ ಬಿಟ್ಟು ಒಳಗೆ ಬಂದರು. ವರ್ಷದಲ್ಲಿ ಮೊದಲ ಸಲ ಅವರು ಆ ಹೊಸ್ತಿಲು ದಾಟಿದ್ದು. ಬಗ್ಗಿ ಓದಿದರು. ಅವರ ಕಣ್ಣು ಅಣ್ಣನ ಹೆಸರಿನ ಮೇಲೆ ನಿಂತದ್ದು ನನಗೆ ಕಾಣಿಸಿತು.

"ಇದೆಂಗಾಯ್ತು?"

"ನಿಮ್ಮಣ್ಣನ ಕೇಳ್ದೆ. ಒಪ್ಕಂಡ್ರು," ಎಂದರು ಅತ್ತೆ.

ತಿಮ್ಮರಾಜು ಕಂಬಳಿಯ ಕಡೆ ನೋಡಲಿಲ್ಲ. ನಾಲ್ಕನೆಯದರ ಕಡೆ ಕೈ ತೋರಿಸಿ, "ಅದ್ರಲ್ಲಿ ಇನ್ನೂ ಸುತ್ತಾ ಐತಲ್ಲ?" ಎಂದರು.

"ಅದು ಕೇಳ್ತಾ ಐತೆ," ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ.

ಅವರು ನನ್ನನ್ನು ನೋಡಿದರು. "ಯಪ್ಪಾ, ಬಾಯಿ ಬಂತು ಈ ಪಾಪಕ್ಕೆ," ಎಂದರು. ಆದರೆ ದನಿಯಲ್ಲಿ ನಗು ಇರಲಿಲ್ಲ. ಹೊರಗೆ ಹೋಗಿ ಡ್ರೈವರ್ ಹತ್ತಿರ ಏನೋ ಹೇಳಿದರು. ಲಾರಿ ಖಾಲಿಯೇ ಹೊರಟಿತು. ಅಂಗಡಿ ಅತ್ತೆಗೆ ಉಳಿಯಿತು.

ಇವತ್ತು ಭಾನುವಾರ. ಈ ಎರಡು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು. ಮೂರು ಕುರ್ಚಿ ತುಂಬಿದರೆ ನಿಂತೇ ಕಾಯುತ್ತಾರೆ, ನಾಲ್ಕನೆಯದರ ಹತ್ತಿರ ಯಾರೂ ಹೋಗುವುದಿಲ್ಲ. ಯಾರೂ ಮುಟ್ಟದಿದ್ದರೂ ಅದು ಆಗಾಗ ತಾನಾಗಿಯೇ ಏನೋ ಕೇಳುತ್ತದೆ. ಚಕ್ರ ತಿರುಗುತ್ತದೆ, ಕಾಯುತ್ತದೆ, ನಿಲ್ಲುತ್ತದೆ. ನಾನು ಅದಕ್ಕೆ ಬೆನ್ನು ಮಾಡಿ ಕೂತರೂ ಅದು ಯಾವಾಗ ಕೇಳುತ್ತಿದೆ ಎಂದು ನನಗೆ ತಿಳಿದುಬಿಡುತ್ತದೆ. ಹೇಗೆ ಎಂದು ವಿವರಿಸಲು ನನಗೆ ಬರುವುದಿಲ್ಲ. ನಿನ್ನೆ ಒಬ್ಬ ಬಂದು ಒಂದನೆಯದರಲ್ಲಿ ರಮ್ಮಿ ತೆರೆದ. ನಾನು ಎದ್ದು ಹೋಗಿ ಅವನ ಹಿಂದೆ ಸುಮ್ಮನೆ ನಿಂತೆ. ಅವನು ಮುಚ್ಚಿದ.

ನಾಳೆ ತಿಥಿ. ಕಂಬಳಿಯನ್ನು ಹೊಳೆಗೆ ಬಿಟ್ಟು ಬಂದ ಮೇಲೆ ನಾನು ಮಾವನ ಕಂಪ್ಯೂಟರಿಗೆ ವೈರು ಹಾಕಿ, ಇನ್ನು ಬಾಗಿಲಲ್ಲಿ ನಿಲ್ಲುವ ನಮಗೆ ಬೇಕಾಗುವ, ಅವರು ಮುಚ್ಚಿಟ್ಟವುಗಳ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇನೆ. ಅದು ಮುಗಿದ ಮೇಲೆ ನಾಲ್ಕನೆಯದರ ಸ್ವಿಚ್ಚನ್ನು ಆರಿಸುತ್ತೇನೆ.